ಹಾಫ್-ಲೈಫ್ ಆಟಗಳನ್ನು ಸಾಲಾಗಿ ಆಡಿ ಹೋಲಿಸಿದ್ದು: ನನ್ನ ಅನುಭವ

ಹಾಫ್-ಲೈಫ್ ಅನ್ನುವ ಕಂಪ್ಯೂಟರ್ ಶೂಟಿಂಗ್ ಆಟಗಳ ಸರಣಿಯಲ್ಲಿ ಯಾವ ಆಟ ಚೆನ್ನಾಗಿದೆ ಅಂತ ಕೇಳಿದರೆ ಹೆಚ್ಚಿನವರು ಎರಡನೆಯದು ಅಂತಾರೆ. ಸ್ವಲ್ಪ ಜನ ಮೊದಲನೆಯದು ಅಂತಾರೆ. ಯಾಕೆ ಅಂತ ಕೇಳಿದರೆ ಮಾತು ಗ್ರಾಫಿಕ್ಸ್ ಕಡೆ ಹೋಗುತ್ತದೆ, ಅಲ್ಲಿಗೇ ನಿಲ್ಲುತ್ತದೆ. 1998ರ ಆಟವನ್ನೂ 2020ರ ಆಟವನ್ನೂ ಗ್ರಾಫಿಕ್ಸ್ ಇಟ್ಟುಕೊಂಡು ಹೋಲಿಸಿದರೆ ಉತ್ತರ ಮೊದಲೇ ಗೊತ್ತಿರುತ್ತದೆ, ಹೊಸದಾಗಿ ಏನೂ ಸಿಗುವುದಿಲ್ಲ. ನನಗೆ ಬೇಕಾಗಿದ್ದು ಬೇರೆ. ಈ ಆಟಗಳು ಕಥೆ ಹೇಳುವಾಗ ಆಡುವವನ ಕೈಯಿಂದ ಮೌಸ್ ಕಿತ್ತುಕೊಳ್ಳುವುದಿಲ್ಲ. ನಡುವೆ ಸಿನಿಮಾ ತೋರಿಸುವುದಿಲ್ಲ. ಹೆಚ್ಚಿನ ಆಟಗಳಲ್ಲಿ ಶುರುವಿನಿಂದ ಕೊನೆಯವರೆಗೂ ವಿಜ್ಞಾನಿ ಗಾರ್ಡನ್ ಫ್ರೀಮನ್‌ನ ಕಣ್ಣೇ ನಮ್ಮ ಕಣ್ಣು, ಅವನು ಒಂದು ಮಾತೂ ಆಡುವುದಿಲ್ಲ. ಹಾಗಾದರೆ ಕಥೆ ನಮಗೆ ಹೇಗೆ ತಲುಪುತ್ತದೆ? ‘ಇವನು ನೋಡ್ತಾನೆ, ಅರ್ಥ ಮಾಡ್ಕೋತಾನೆ’ ಅಂತ ಯಾವ ಆಟ ನಮ್ಮನ್ನು ಎಷ್ಟು ನಂಬುತ್ತದೆ? ಇದೊಂದನ್ನೇ ಅಳತೆಗೋಲು ಮಾಡಿಕೊಂಡು ಎಲ್ಲವನ್ನೂ ಮೊದಲಿಂದ ಆಡಿದೆ. ಮುಂದೆ ಕಥೆಯ ಕೊನೆಗಳೂ ಬರುತ್ತವೆ. ಇನ್ನೂ ಆಡದೇ ಇರುವವರು ನೋಡಿಕೊಂಡು ಓದಿ.

ನಾನಿರುವುದು ಬಾಗಲಕೋಟೆಯ ನವನಗರದಲ್ಲಿ. ನಮ್ಮ ಕಡೆ ಈ ಆಟದ ಹೆಸರು ಗೊತ್ತಾಗಿದ್ದೇ ಕೌಂಟರ್-ಸ್ಟ್ರೈಕ್‌ನಿಂದ. ಸೈಬರ್ ಕೆಫೆಗಳಲ್ಲಿ ಹುಡುಗರು ಗಂಟೆಗೆ ಇಷ್ಟು ಅಂತ ಕೊಟ್ಟು ಒಬ್ಬರಿಗೊಬ್ಬರು ಗುಂಡು ಹಾರಿಸುತ್ತಿದ್ದ ಆ ಆಟ ಮೊದಲು ಹಾಫ್-ಲೈಫ್‌ಗೆ ಅಭಿಮಾನಿಗಳು ಮಾಡಿದ ಮಾಡ್, ಅಂದರೆ ಇರುವ ಆಟವನ್ನೇ ತಿದ್ದಿ ಕಟ್ಟಿದ ಹೊಸ ಆಟ, ಆಗಿತ್ತು. 1999ರಲ್ಲಿ ಶುರುವಾಯಿತು, 2000ದಲ್ಲಿ ಹಾಫ್-ಲೈಫ್ ಮಾಡಿದ ವಾಲ್ವ್ ಕಂಪನಿಯೇ ಅದನ್ನು ಹೊರತಂದಿತು. ಕೆಫೆಯಲ್ಲಿ ಫೋಲ್ಡರ್ ತೆರೆದರೆ ಓಡುವ ಫೈಲಿನ ಹೆಸರೇ ಎಚ್‌ಎಲ್ ಅಂತ ಇರುತ್ತಿತ್ತು. ಎಷ್ಟೋ ಜನ ವರ್ಷಗಟ್ಟಲೆ ಹಾಫ್-ಲೈಫ್ ಓಡಿಸುವ ಆ ಎಂಜಿನ್ ಸಾಫ್ಟ್‌ವೇರ್ ಮೇಲೆ ಆಡಿದರು, ಅದರ ಕಥೆಯ ಆಟವನ್ನು ಒಮ್ಮೆಯೂ ತೆರೆಯಲಿಲ್ಲ. ಅಂಥವರಿಗಾಗಿಯೂ ಇದನ್ನು ಬರೆಯಬೇಕು ಅನ್ನಿಸಿತು.

ಮೊದಲು ಆಡಿದ ರೀತಿ ಹೇಳಿಬಿಡುತ್ತೇನೆ. ಕಥೆಯ ಕ್ರಮದಲ್ಲಿ ಆಡಲಿಲ್ಲ, ಆಟಗಳು ಬಿಡುಗಡೆಯಾದ ಕ್ರಮದಲ್ಲಿ ಆಡಿದೆ. ಕಥೆಯ ಲೆಕ್ಕದಲ್ಲಿ 2020ರ ಹಾಫ್-ಲೈಫ್: ಅಲಿಕ್ಸ್ ನಡೆಯುವುದು ಎರಡನೇ ಆಟಕ್ಕಿಂತ ಐದು ವರ್ಷ ಮುಂಚೆ. ಆದರೆ ಅದರ ಕೊನೆಯ ಕೆಲವು ನಿಮಿಷ ಅರ್ಥವಾಗಬೇಕಾದರೆ ಎರಡನೇ ಆಟದ ಮುಂದುವರಿಕೆಯಾದ 2007ರ ಎಪಿಸೋಡ್ ಟೂ ಮುಗಿಸಿರಲೇಬೇಕು. ಕಥೆಯ ಕ್ರಮ ಅಂತ ಹೋದರೆ ಆ ಏಟು ಸುಮ್ನೆ ವ್ಯರ್ಥ. ಅಲಿಕ್ಸ್ ಬಿಟ್ಟು ಉಳಿದೆಲ್ಲದಕ್ಕೂ ಒಂದೇ ಕೀಬೋರ್ಡ್, ಒಂದೇ ಮೌಸ್, ಒಂದೇ ಹೆಡ್‌ಫೋನ್ ಇಟ್ಟುಕೊಂಡೆ. ಕಷ್ಟದ ಮಟ್ಟ ಎಲ್ಲ ಕಡೆ ನಡುವಿನದು.

ಇನ್ನೊಂದು ಕಟ್ಟುನಿಟ್ಟು ಮಾಡಿಕೊಂಡೆ, ಅದು ಬಹಳ ಮುಖ್ಯ. ಈ ಆಟಗಳಲ್ಲಿ ಎಫ್6 ಒತ್ತಿದರೆ ಆ ಕ್ಷಣಕ್ಕೇ ಸೇವ್ ಆಗುತ್ತದೆ. ಹೆಜ್ಜೆಗೊಮ್ಮೆ ಅದನ್ನು ಒತ್ತುತ್ತಾ ಹೋದರೆ ಯಾವ ಶತ್ರುವಿಗೂ ಬೆಲೆಯಿಲ್ಲ. ಹಾಗಾಗಿ ಒಂದು ಜಗಳ ಪೂರ್ತಿ ಮುಗಿದ ಮೇಲೆ ಮಾತ್ರ ಸೇವ್, ನಡುವೆ ಇಲ್ಲ. ನಮ್ಮಲ್ಲಿ ಬೇಸಿಗೆಯಲ್ಲಿ ಕರೆಂಟ್ ಹೋಗುವುದು ಹೊಸದಲ್ಲ, ಯುಪಿಎಸ್ ಇದ್ದರೆ ಈ ನಿಯಮ ಪಾಲಿಸಬಹುದು, ಇಲ್ಲದಿದ್ದರೆ ಕಷ್ಟ. ಆದರೂ ಮಾಡಿ ನೋಡಿ. ಮೊದಲನೇ ಆಟದ ಸೈನಿಕರು ಯಾಕೆ ಅಷ್ಟು ಹೆಸರುವಾಸಿ ಅಂತ ಆಗ ಗೊತ್ತಾಗುತ್ತದೆ.

ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೆ. ಪ್ರತಿ ಆಟಕ್ಕೂ ಅದೇ ಪ್ರಶ್ನೆಗಳು. ಕೈಗೆ ಮೊದಲ ಆಯುಧ ಬರುವ ತನಕ ಆಟ ನನಗೆ ಏನೇನು ತೋರಿಸಿತು? ಎಲ್ಲಿಗೆ ಹೋಗಬೇಕು ಅಂತ ಯಾರು ಹೇಳಿದರು, ಅಥವಾ ಹೇಳದೆಯೇ ಹೇಗೆ ಗೊತ್ತಾಯಿತು? ಒಂದು ಹೊಸ ವಿದ್ಯೆ ಕಲಿಸುವಾಗ ಪರದೆಯ ಮೇಲೆ ಬರೆದು ಕಲಿಸಿತೋ, ಪರಿಸ್ಥಿತಿ ಕಟ್ಟಿ ಕಲಿಸಿತೋ? ಜೊತೆಗೆ ಯಾರಾದರೂ ಇದ್ದಾಗ ನಾನು ಸುತ್ತ ನೋಡುವುದು ಜಾಸ್ತಿಯಾಯಿತೋ ಕಡಿಮೆಯಾಯಿತೋ?

ನಾನು ಈ ಆಟಗಳನ್ನು ಮುಂಚೆ ಆಡಿದವನು, ಯಾವ ಬಾಗಿಲ ಹಿಂದೆ ಏನಿದೆ ಅಂತ ನನಗೆ ಗೊತ್ತು. ಅದಕ್ಕೆ ನಮ್ಮ ಕಾಕಾನ ಮಗನನ್ನು ಕೂರಿಸಿದೆ. ಹತ್ತನೇ ತನಕ ಕನ್ನಡ ಮಾಧ್ಯಮ ಓದಿದವನು, ಮೊಬೈಲ್‌ನಲ್ಲಿ ಶೂಟಿಂಗ್ ಆಟ ಚೆನ್ನಾಗಿ ಆಡುತ್ತಾನೆ, ಹಾಫ್-ಲೈಫ್ ಹೆಸರು ಕೂಡ ಕೇಳಿರಲಿಲ್ಲ. ಅವನು ಆಡುವಾಗ ನಾನು ಹಿಂದೆ ಕುಳಿತು ಬಾಯಿ ಮುಚ್ಚಿಕೊಂಡು ಅವನ ಕಣ್ಣು ಎಲ್ಲಿ ಹೋಗುತ್ತದೆ ಅಂತ ಬರೆದುಕೊಳ್ಳುತ್ತಿದ್ದೆ. ಹೋಲಿಕೆ ಮಾಡುವ ಯಾರಿಗಾದರೂ ನಾನು ಹೇಳುವುದು ಇದನ್ನೇ: ಹೊಸಬನೊಬ್ಬನನ್ನು ಹಿಡಿಯಿರಿ, ಅವನಿಗೆ ಏನೂ ಹೇಳಬೇಡಿ. ನಾವು ಒಬ್ಬರೇ ಎಷ್ಟು ಸಲ ಆಡಿದರೂ ಕಾಣದ್ದು ಅವನ ಹಿಂದೆ ಕೂತಾಗ ಕಾಣುತ್ತದೆ.

ಮೊದಲನೇ ಹಾಫ್-ಲೈಫ್ ಬಂದಿದ್ದು 1998ರ ನವೆಂಬರ್‌ನಲ್ಲಿ. ವಾಲ್ವ್‌ನ ಮೊಟ್ಟಮೊದಲ ಆಟ. ಮೈಕ್ರೋಸಾಫ್ಟ್ ಬಿಟ್ಟು ಬಂದ ಗೇಬ್ ನ್ಯೂವೆಲ್ ಮತ್ತು ಮೈಕ್ ಹ್ಯಾರಿಂಗ್ಟನ್ 1996ರಲ್ಲಿ ಕಂಪನಿ ಕಟ್ಟಿದರು, ಕ್ವೇಕ್ ಆಟದ ಎಂಜಿನ್ ತೆಗೆದುಕೊಂಡು ಬಹಳಷ್ಟು ಬದಲಿಸಿದರು. ಆಟ 1997ರಲ್ಲೇ ಬರಬೇಕಿತ್ತು, ಆದರೆ ಮಾಡಿದ್ದು ಸರಿ ಕಾಣಲಿಲ್ಲ ಅಂತ ಹೆಚ್ಚುಕಡಿಮೆ ಎಲ್ಲವನ್ನೂ ಮತ್ತೆ ಮೊದಲಿಂದ ಕಟ್ಟಿದರು. ಈಗ ಆಡುವವರಿಗೆ ಒಂದು ಅನುಕೂಲ ಇದೆ. 25 ವರ್ಷ ತುಂಬಿದಾಗ, 2023ರ ನವೆಂಬರ್‌ನಲ್ಲಿ, ಒಂದು ದೊಡ್ಡ ಅಪ್‌ಡೇಟ್ ಬಂತು. ಅಗಲ ಪರದೆಯಲ್ಲಿ ಸರಿಯಾಗಿ ಕಾಣುತ್ತದೆ, ಹಳೆಯ ಅಪ್‌ಲಿಂಕ್ ಡೆಮೊ ಕೂಡ ಜೊತೆಗಿದೆ. ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ, ಗ್ರಾಫಿಕ್ಸ್ ಕಾರ್ಡ್ ಇಲ್ಲ ಅಂತ ಹಿಂಜರಿಯಬೇಡಿ.

ಶುರುವಿಗೆ ಆ ಟ್ರಾಮ್ ಪ್ರಯಾಣ. ಬ್ಲ್ಯಾಕ್ ಮೆಸಾ ಅನ್ನುವ ಭೂಮಿಯೊಳಗಿನ ಸಂಶೋಧನಾ ಕೇಂದ್ರಕ್ಕೆ ಕೆಲಸಕ್ಕೆ ಹೋಗುತ್ತಿದ್ದೇವೆ, ಅಷ್ಟೇ. ಡಬ್ಬಿಯೊಳಗೆ ಓಡಾಡಬಹುದು, ಕಿಟಕಿಯಿಂದ ನೋಡಬಹುದು, ಬೇರೇನೂ ಮಾಡುವಂತಿಲ್ಲ. ನನ್ನ ತಮ್ಮ ಮೊದಲು ಗುಂಡಿಗಳನ್ನೆಲ್ಲ ಒತ್ತಿ ನೋಡಿದ. ಏನೂ ಆಗಲಿಲ್ಲ. “ಅಣ್ಣಾ, ಗನ್ ಯಾವಾಗ ಕೊಡ್ತಾರ?” ಅಂದ. ನಾನು ಸುಮ್ಮನಿದ್ದೆ. ಆಮೇಲೆ ಅವನೇ ಒಂದು ಕಿಟಕಿ ಹಿಡಿದು ನಿಂತ. ಕೆಳಗೆ ಯಂತ್ರಗಳು, ಹಸಿರು ತ್ಯಾಜ್ಯದ ಹಳ್ಳ, ಬಾಗಿಲು ಬಡಿಯುತ್ತಾ ನಿಂತಿರುವ ಒಬ್ಬ ಕಾವಲುಗಾರ. ಆ ಟ್ರಾಮ್ ಮುಗಿಯುವಷ್ಟರಲ್ಲಿ ಜಾಗ ಎಷ್ಟು ದೊಡ್ಡದು, ಎಷ್ಟು ಆಳ, ಎಷ್ಟು ಅಪಾಯದ್ದು ಅಂತ ಅವನಿಗೆ ಗೊತ್ತಾಗಿತ್ತು. ಅದನ್ನು ಯಾರೂ ಬಾಯಿಬಿಟ್ಟು ವಿವರಿಸಿರಲಿಲ್ಲ. ಪ್ರಯೋಗ ಕೆಟ್ಟು ಬೇರೆ ಲೋಕದ ಪ್ರಾಣಿಗಳು ಒಳಗೆ ಬಂದ ಮೇಲೆ ಅದೇ ಹಾದಿಯಲ್ಲಿ ವಾಪಸ್ ಬರುವಾಗ ಬಂದ ಜಾಗವನ್ನು ಅವನು ಗುರುತು ಹಿಡಿದ. ಮುರಿದು ಬಿದ್ದ ಆ ಕಾರಿಡಾರ್ ಬೆಳಗ್ಗೆ ಹೇಗಿತ್ತು ಅಂತ ಅವನಿಗೆ ನೆನಪಿತ್ತು. ಆಟದ ಮೊದಲ ಆಯುಧ, ಆ ಕೆಂಪು ಕ್ರೋಬಾರ್, ಸಿಗುವುದೇ ಇದೆಲ್ಲ ಆದಮೇಲೆ.

ಆಫೀಸುಗಳ ಅಧ್ಯಾಯ ದಾಟಿದ ಕೂಡಲೇ ಸೈನಿಕರು ಬರುತ್ತಾರೆ. ‘ನಮ್ಮನ್ನು ಕಾಪಾಡೋಕೆ ಬಂದ್ರು’ ಅಂತ ಒಬ್ಬ ವಿಜ್ಞಾನಿ ಖುಷಿಯಿಂದ ಓಡಿ ಹೋಗುತ್ತಾನೆ, ಸೈನಿಕ ಅವನಿಗೇ ಗುಂಡು ಹಾರಿಸುತ್ತಾನೆ. ಕಥೆಯ ಅತಿ ದೊಡ್ಡ ತಿರುವು ಇದು. ಸರ್ಕಾರ ಬಂದಿರುವುದು ಸಾಕ್ಷಿ ಅಳಿಸೋಕೆ ಅಂತ ಆ ಒಂದು ದೃಶ್ಯದಲ್ಲೇ ತಿಳಿಯುತ್ತದೆ. ನೀವು ಆ ಕಡೆ ನೋಡದಿದ್ದರೆ ತಪ್ಪಿಯೇ ಹೋಗಬಹುದು, ಆಟ ನಿಮ್ಮ ಮುಖ ಹಿಡಿದು ತಿರುಗಿಸುವುದಿಲ್ಲ. ನಮ್ಮ ತಮ್ಮ ನೋಡಿದ. ಅವನಿಗೆ ಆ ವಿಜ್ಞಾನಿಯ ಇಂಗ್ಲಿಷ್ ಪೂರ್ತಿ ತಿಳಿಯಲಿಲ್ಲ, ಆದರೆ ಕುರ್ಚಿಯಲ್ಲಿ ನೆಟ್ಟಗೆ ಕೂತ. “ಇವ್ರೂ ಹೊಡಿಯಾಕ ಬಂದಾರಲ್ಲಣ್ಣ!” ಅಂದ.

ಆ ಸೈನಿಕರ ಬಗ್ಗೆ ನಾನು ಎಷ್ಟು ಬರೆದರೂ ಕಡಿಮೆ. ಒಂದು ಮೂಲೆಯಲ್ಲಿ ಅಡಗಿ ಕುಳಿತರೆ ಗ್ರೆನೇಡ್ ಎಸೆದು ಹೊರಗೆ ಓಡಿಸುತ್ತಾರೆ. ಹೊರಗೆ ಬಂದರೆ ಇನ್ನೊಂದು ಕಡೆಯಿಂದ ಬಂದವನು ಕಾದಿರುತ್ತಾನೆ. ಅವರು ರೇಡಿಯೋದಲ್ಲಿ ಮಾತಾಡುವುದು ಕೇಳಿಸುತ್ತದೆ, ಆ ಮಾತಿನಿಂದ ಅವರು ಏನು ಮಾಡಲಿದ್ದಾರೆ ಅಂತ ಊಹಿಸಬಹುದು. ಸೇವ್ ಮಾಡದೆ ಆಡಿದಾಗ ಮೂರ್ನಾಲ್ಕು ಸೈನಿಕರ ಒಂದು ಗುಂಪು ದಾಟುವುದೇ ಒಂದು ಕೆಲಸ. ಸರ್ಫೇಸ್ ಟೆನ್ಶನ್ ಅಧ್ಯಾಯದಲ್ಲಿ ಅಣೆಕಟ್ಟು, ಬಂಡೆಯ ಅಂಚು, ಹೆಲಿಕಾಪ್ಟರ್ ಎಲ್ಲವೂ ಇದೆ, ಆದರೂ ನನಗೆ ನೆನಪಿರುವುದು ಒಂದು ಗೋದಾಮಿನ ಪೆಟ್ಟಿಗೆಗಳ ನಡುವೆ ಆ ಮೂವರು ನನ್ನನ್ನು ಸುತ್ತುಗಟ್ಟಿದ್ದು.

ಬ್ಲಾಸ್ಟ್ ಪಿಟ್ ಇನ್ನೊಂದು ಅಧ್ಯಾಯ. ರಾಕೆಟ್ ಎಂಜಿನ್ ಪರೀಕ್ಷಿಸುವ ಕೊಳವೆಯೊಳಗೆ ಮೂರು ದೊಡ್ಡ ಕೊಕ್ಕಿನ ಪ್ರಾಣಿಗಳು. ಅವಕ್ಕೆ ಕಣ್ಣಿಲ್ಲ, ಸದ್ದು ಕೇಳಿದ ಕಡೆ ಹೊಡೆಯುತ್ತವೆ. ಗುಂಡಿನಿಂದ ಸಾಯುವುದಿಲ್ಲ. ಇಂಧನ, ಆಮ್ಲಜನಕ, ವಿದ್ಯುತ್ ಮೂರನ್ನೂ ಸುತ್ತಾಡಿ ಚಾಲೂ ಮಾಡಿ ಆ ಎಂಜಿನ್‌ನಿಂದಲೇ ಸುಡಬೇಕು. ಮೆಲ್ಲಗೆ ನಡೆಯಬೇಕು, ಒಂದು ಗ್ರೆನೇಡ್ ದೂರ ಎಸೆದು ಅವು ಅತ್ತ ತಿರುಗಿದಾಗ ಇತ್ತ ಜಾರಬೇಕು. ಈ ಗ್ರೆನೇಡ್ ಉಪಾಯವನ್ನು ತಮ್ಮ ತಾನೇ ಕಂಡುಕೊಂಡ. ಶತ್ರುವನ್ನು ಹೊಡೆಯಲು ಎಸೆದದ್ದು, ಅದು ಸದ್ದಿಗೆ ತಿರುಗಿದ್ದು ನೋಡಿ ಅವನಿಗೆ ಹೊಳೆಯಿತು. ನೋಟ್‌ಬುಕ್‌ನಲ್ಲಿ ಮೊದಲನೇ ಆಟಕ್ಕೆ ನಾನು ಅತಿ ದೊಡ್ಡ ಟಿಕ್ ಹಾಕಿದ್ದು ಅಲ್ಲಿ.

ಕೊನೆಯ ಝೆನ್ ಲೋಕ ಮಾತ್ರ ಸಪ್ಪೆ. ಗಾಳಿಯಲ್ಲಿ ತೇಲುವ ಬಂಡೆಯಿಂದ ಬಂಡೆಗೆ ಹಾರುತ್ತಾ ಹೋಗಬೇಕು, ನೋಡಿ ತಿಳಿದುಕೊಳ್ಳುವಂಥದ್ದು ಕಡಿಮೆ. ಅವಸರದಲ್ಲಿ ಮುಗಿಸಿದ ಹಾಗಿದೆ.

ನಡುವೆ ಗೇರ್‌ಬಾಕ್ಸ್ ಕಂಪನಿ ಮಾಡಿದ ಉಪಕಥೆಗಳಿವೆ. 1999ರ ಅಪೋಸಿಂಗ್ ಫೋರ್ಸ್‌ನಲ್ಲಿ ನಾವೇ ಆ ಸೈನಿಕರಲ್ಲಿ ಒಬ್ಬರು, ಏಡ್ರಿಯನ್ ಶೆಫರ್ಡ್. 2001ರ ಬ್ಲೂ ಶಿಫ್ಟ್‌ನಲ್ಲಿ ನಾವು ಬಾರ್ನಿ ಅನ್ನುವ ಕಾವಲುಗಾರ. ಟ್ರಾಮ್‌ನಿಂದ ನೋಡಿದೆವಲ್ಲ, ಬಾಗಿಲು ಬಡಿಯುತ್ತಾ ನಿಂತವನು, ಅವನೇ. ಈ ಸಲ ಬಾಗಿಲ ಹತ್ತಿರ ನಾವು ನಿಂತಿರುತ್ತೇವೆ, ಫ್ರೀಮನ್‌ನ ಟ್ರಾಮ್ ಎದುರಿಗೆ ಹಾದು ಹೋಗುತ್ತದೆ. ಇದನ್ನು ನೋಡಿ ತಮ್ಮ ಎದ್ದು ನಿಂತುಬಿಟ್ಟ. ಎರಡೂ ಚಿಕ್ಕವು, ಬಿಡುವಿದ್ದಾಗ ಆಡಿ. ಅಪೋಸಿಂಗ್ ಫೋರ್ಸ್ ಇವೆರಡರಲ್ಲಿ ಉತ್ತಮ. ಇಬ್ಬರು ಸೇರಿ ಆಡುವ ಡಿಕೇ ಅಂತ ಮೂರನೆಯದೊಂದು ಪ್ಲೇಸ್ಟೇಷನ್ 2ಕ್ಕೆ ಬಂದಿತ್ತು, ಅದನ್ನು ಈ ಹೋಲಿಕೆಯಿಂದ ಹೊರಗಿಟ್ಟೆ.

ಹಾಫ್-ಲೈಫ್ 2 ಬಂದಿದ್ದು 2004ರ ನವೆಂಬರ್ 16ಕ್ಕೆ. 2003ರಲ್ಲಿ ಅದರ ಸೋರ್ಸ್ ಕೋಡ್ ಸೋರಿಹೋಗಿತ್ತು, ಬಿಡುಗಡೆ ಒಂದು ವರ್ಷಕ್ಕೂ ಹೆಚ್ಚು ತಡವಾಯಿತು. ಆಟ ಓಡಬೇಕಾದರೆ ವಾಲ್ವ್‌ನದೇ ಇಂಟರ್ನೆಟ್ ಅಂಗಡಿ ಸ್ಟೀಮ್ ಬೇಕೇಬೇಕು ಅಂತ ಮಾಡಿದ್ದರು. ಇಂಟರ್ನೆಟ್ ಆಮೆ ಹಾಗೆ ನಡೆಯುತ್ತಿದ್ದ ಆ ಕಾಲದಲ್ಲಿ ನಮ್ಮಂಥ ಊರುಗಳಿಗೆ ಅದು ದೊಡ್ಡ ಅಡ್ಡಿಯೇ ಆಗಿತ್ತು. ಈಗ ಆ ತೊಂದರೆ ಇಲ್ಲ. 2024ರ ನವೆಂಬರ್‌ನಲ್ಲಿ 20 ವರ್ಷದ ನೆಪದಲ್ಲಿ ಎರಡೂ ಎಪಿಸೋಡ್‌ಗಳನ್ನು ಮತ್ತು ಲಾಸ್ಟ್ ಕೋಸ್ಟ್ ಅನ್ನುವ ಪುಟ್ಟ ತುಣುಕನ್ನು ಇದರೊಳಗೇ ಸೇರಿಸಿದ್ದಾರೆ, ಮಾಡಿದವರ ಕಾಮೆಂಟರಿಯೂ ಇದೆ. ಕಾಮೆಂಟರಿಯನ್ನು ಮೊದಲ ಸಲ ಆಡುವಾಗ ಹಾಕಬೇಡಿ. ನಿಮ್ಮ ಟಿಪ್ಪಣಿ ಮುಗಿದ ಮೇಲೆ ಹಾಕಿ, ನೀವು ಕಂಡಿದ್ದನ್ನೂ ಅವರು ಅಂದುಕೊಂಡಿದ್ದನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು.

ಇಲ್ಲಿ ಹೊತ್ತು ಇಪ್ಪತ್ತು ವರ್ಷ ಮುಂದೆ ಹೋಗಿದೆ. ಕಂಬೈನ್ ಅನ್ನುವ ಬೇರೆ ಲೋಕದ ಸಾಮ್ರಾಜ್ಯ ಏಳು ಗಂಟೆಯಲ್ಲಿ ಭೂಮಿಯನ್ನು ಗೆದ್ದಿದೆ. ನಾವು ಸಿಟಿ 17ರ ರೈಲ್ವೆ ಸ್ಟೇಷನ್‌ನಲ್ಲಿ ಇಳಿಯುತ್ತೇವೆ. ದೊಡ್ಡ ಪರದೆಯಲ್ಲಿ ಬ್ರೀನ್ ಅನ್ನುವ ಆಡಳಿತಗಾರ ನಯವಾಗಿ ಭಾಷಣ ಮಾಡುತ್ತಿರುತ್ತಾನೆ, ಕೆಳಗೆ ಜನ ಮಾತಿಲ್ಲದೆ ಸಾಲಿನಲ್ಲಿ ನಿಂತಿರುತ್ತಾರೆ. ಒಬ್ಬ ಪೊಲೀಸ್ ಡಬ್ಬಿಯನ್ನು ನೆಲಕ್ಕೆ ಬೀಳಿಸಿ ಎತ್ತಿ ಕಸದ ಬುಟ್ಟಿಗೆ ಹಾಕು ಅಂತಾನೆ. ಆ ಒಂದು ಡಬ್ಬಿಯಲ್ಲಿ ಎರಡು ಕೆಲಸ ಆಗುತ್ತದೆ. ವಸ್ತುಗಳನ್ನು ಎತ್ತಿ ಎಸೆಯುವುದು ಹೇಗೆ ಅಂತ ನಾವು ಕಲಿಯುತ್ತೇವೆ, ಈ ಊರಿನಲ್ಲಿ ಜನರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಅಂತಲೂ ತಿಳಿಯುತ್ತದೆ. ತಮ್ಮ ಡಬ್ಬಿಯನ್ನು ಪೊಲೀಸನ ಮುಖಕ್ಕೇ ಎಸೆದ. ಅಟ್ಟಿಸಿಕೊಂಡು ಬಂದು ಹೊಡೆದರು. ಆ ಕ್ಷಣದಿಂದ ಅವನಿಗೆ ಕಂಬೈನ್ ಅಂದರೆ ಸ್ವಂತ ವೈರಿ.

ಈ ಆಟದಲ್ಲಿ ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸಿದ್ದು ಹೈವೇ 17, ಸಮುದ್ರ ತೀರದ ಅಧ್ಯಾಯ. ಕಂಬೈನ್ ಸಮುದ್ರದ ನೀರನ್ನು ಹೀರಿಕೊಂಡಿದೆ. ದೋಣಿಗಳು ಒಣ ನೆಲದ ಮೇಲೆ ಬಿದ್ದಿವೆ, ಹಡಗುಕಟ್ಟೆಗಳು ನೀರಿಲ್ಲದ ಕಡೆ ಎತ್ತರದಲ್ಲಿ ನಿಂತಿವೆ, ನೀರು ಎಲ್ಲೋ ಕೆಳಗೆ. ಯಾರೂ ಇದರ ಬಗ್ಗೆ ಒಂದು ಮಾತು ಆಡುವುದಿಲ್ಲ. ಬಾಗಲಕೋಟೆಯವನಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಆಗಿದ್ದು ಇದರ ತಿರುಗುಮುರುಗು. ಆಲಮಟ್ಟಿ ಹಿನ್ನೀರು ಹಳೇ ಊರಿನ ಓಣಿಗಳಿಗೆ ಬಂತು, ಮುಳುಗಡೆ ಆದವರನ್ನು ಸೆಕ್ಟರ್ ನಂಬರ್ ಕೊಟ್ಟ ನವನಗರಕ್ಕೆ ತಂದು ಕೂರಿಸಿದರು. ಇವತ್ತಿಗೂ ಬೇಸಿಗೆಯಲ್ಲಿ ನೀರು ಇಳಿದಾಗ ಮನೆಗಳ ಬುನಾದಿ ನೋಡಿ ‘ಇಲ್ಲಿ ಇಂಥವರ ಮನಿ ಇತ್ತು’ ಅಂತ ಹಿರಿಯರು ಹೇಳುತ್ತಾರೆ. ನೀರಿನ ಗುರುತು ನೋಡಿ ಏನಾಗಿರಬೇಕು ಅಂತ ಓದುವುದು ನಮ್ಮ ಜನಕ್ಕೆ ಬಂದ ವಿದ್ಯೆ. ಅದಕ್ಕೇ ಇರಬೇಕು, ತಮ್ಮ ಬಗ್ಗಿ ಗಾಡಿ ನಿಲ್ಲಿಸಿ ಕೆಳಗಿಳಿದು ಆ ಕಟ್ಟೆಯ ಕಂಬಗಳನ್ನು ನೋಡಿ, “ನೀರು ಇಲ್ಲೀತನಾ ಇತ್ತಲ್ಲಣ್ಣ, ಎಲ್ಲಿ ಹೋತು?” ಅಂತ ಕೇಳಿದ. ಎಲ್ಲಿಯೂ ಬರೆದಿಲ್ಲದ ಪ್ರಶ್ನೆ ಅದು. ಆಟ ಕೇಳಿಸಿತು. ಸಿಟಿ 17ಕ್ಕೆ ರೂಪ ಕೊಟ್ಟ ಕಲಾ ನಿರ್ದೇಶಕ ವಿಕ್ಟರ್ ಆಂಟೊನೊವ್ ಬಲ್ಗೇರಿಯಾದ ಸೋಫಿಯಾದವರು. ಆ ಹಳೆಯ ಯುರೋಪಿನ ಕಟ್ಟಡಗಳ ನಡುವೆ ಕಪ್ಪು ಲೋಹದ ಗೋಡೆ ತಿಂದುಕೊಂಡು ಬರುವ ಚಿತ್ರದಲ್ಲಿ ಒಂದು ನಿಜವಾದ ಊರಿನ ನೆನಪಿದೆ.

ರೇವನ್‌ಹೋಮ್ ಅಧ್ಯಾಯವನ್ನು ಕಲಿಸುವ ವಿಧಾನಕ್ಕಾಗಿಯೇ ಎರಡು ಸಲ ಆಡಿದೆ. ಕೈಯಲ್ಲಿ ಗ್ರಾವಿಟಿ ಗನ್ ಇದೆ, ವಸ್ತುಗಳನ್ನು ಸೆಳೆದು ಎಸೆಯುತ್ತದೆ. ಊರೊಳಗೆ ಕಾಲಿಟ್ಟ ಕೂಡಲೇ ಗರಗಸದ ಚಕ್ರಕ್ಕೆ ಸಿಕ್ಕಿ ತುಂಡಾದ ಒಂದು ಜಾಂಬಿಯ ಹೆಣ. ಪಕ್ಕದಲ್ಲೇ ಗೋಡೆಗೆ ನಾಟಿದ ಚಕ್ರಗಳು. ಅದನ್ನು ಕೀಳುತ್ತೀರಿ, ಅಷ್ಟರಲ್ಲಿ ಎದುರಿಗೆ ಒಂದು ಜಾಂಬಿ. ಏನು ಮಾಡಬೇಕು ಅಂತ ಯಾರು ಹೇಳಬೇಕು? ಪರದೆಯ ಮೇಲೆ ಒಂದಕ್ಷರ ಇಲ್ಲ. ಇದಕ್ಕಿಂತ ಚೆನ್ನಾಗಿ ಕಲಿಸಿದ ಆಟ ನಾನು ಕಂಡಿಲ್ಲ.

ಆದರೆ ಜಗಳದ ವಿಷಯದಲ್ಲಿ ಎರಡನೆಯದು ಹಿಂದೆ ಬಿತ್ತು. ಕಂಬೈನ್ ಸೈನಿಕರು ನೋಡಲು ಭಯ ಹುಟ್ಟಿಸುತ್ತಾರೆ, ಅವರ ರೇಡಿಯೋ ಧ್ವನಿ ಅದ್ಭುತ, ಆದರೆ ನನ್ನನ್ನು ಸುತ್ತುಗಟ್ಟುವ ಬುದ್ಧಿ ಮೊದಲನೇ ಆಟದವರಷ್ಟು ಕಾಣಲಿಲ್ಲ. ನೋಟ್‌ಬುಕ್‌ನಲ್ಲಿ ಇದು ಸ್ಪಷ್ಟವಾಗಿ ಬಂತು. ಮೊದಲನೇ ಆಟದಲ್ಲಿ ನಾನು ಜಾಗ ಬದಲಿಸುತ್ತಲೇ ಇದ್ದೆ, ಎರಡನೆಯದರಲ್ಲಿ ಒಂದು ಗೋಡೆಯ ಹಿಂದೆ ನಿಂತು ಮುಗಿಸಬಹುದಾದ ಜಗಳಗಳು ಬಹಳ. ಕೊನೆಯ ಭಾಗದಲ್ಲಿ ಬಂಡಾಯದವರು ಗುಂಪಾಗಿ ಹಿಂದೆ ಬರುತ್ತಾರಲ್ಲ, ಸಣ್ಣ ಓಣಿಗಳಲ್ಲಿ ದಾರಿಗೇ ಅಡ್ಡ ನಿಲ್ಲುತ್ತಾರೆ.

ಇನ್ನೊಂದು ವ್ಯತ್ಯಾಸ ತಮ್ಮನಿಂದಲೇ ಗೊತ್ತಾಯಿತು. ವಿಜ್ಞಾನಿ ಕ್ಲೈನರ್‌ನ ಪ್ರಯೋಗಾಲಯದಲ್ಲಿ, ಅವನ ಜೊತೆಗಾರ ಈಲೈ ವ್ಯಾನ್ಸ್‌ನ ಅಡಗುದಾಣದಲ್ಲಿ ಪಾತ್ರಗಳು ನಿಂತು ಮಾತಾಡುತ್ತವೆ. ಬಾಗಿಲು ಮುಚ್ಚಿರುತ್ತದೆ, ಮಾತು ಮುಗಿಯುವ ತನಕ ಕಾಯಬೇಕು. ಓಡಾಡಬಹುದು, ಲಮಾರ್ ಅನ್ನುವ ಸಾಕಿದ ಹೆಡ್‌ಕ್ರ್ಯಾಬ್ (ತಲೆಗೆ ಹಾರಿ ಅಂಟುವ ಪ್ರಾಣಿ) ನೋಡಬಹುದು, ಮುಖದ ಭಾವ ಆ ಕಾಲಕ್ಕೆ ಆಶ್ಚರ್ಯ ಅನ್ನುವ ಹಾಗಿದೆ. ಆದರೆ ಕಥೆ ಈಗ ಬಾಯಿಯಲ್ಲಿದೆ. ಮೊದಲನೇ ಆಟವನ್ನು ಪೂರ್ತಿ ಹಿಂಬಾಲಿಸಿದವನು ಇಲ್ಲಿ ವೇಗದ ಇಂಗ್ಲಿಷ್‌ಗೆ ಸಿಕ್ಕಿ, “ಅವ್ರೆಲ್ಲಾ ಏನ್ ಮಾತಾಡಾಕತ್ತಾರ? ಇವಾ ಯಾಕ ಮಾತಾಡಂಗಿಲ್ಲ?” ಅಂತ ಕೇಳತೊಡಗಿದ. ಕ್ಯಾಪ್ಷನ್ ಹಾಕಿಕೊಟ್ಟೆ, ಸ್ವಲ್ಪ ಸುಧಾರಿಸಿತು. ಫ್ರೀಮನ್ ಒಬ್ಬನೇ ಇದ್ದಾಗ ಅವನ ಮೌನ ನಮಗೆ ಗೊತ್ತೇ ಆಗುವುದಿಲ್ಲ. ಈಲೈ ಮಗಳು ಅಲಿಕ್ಸ್ ಎದುರು ನಿಂತು ಪ್ರೀತಿಯಿಂದ ಮಾತಾಡುವಾಗ ಅವನು ಸುಮ್ಮನಿದ್ದರೆ ಅದು ಕಣ್ಣಿಗೆ ಹೊಡೆಯುತ್ತದೆ. ನನ್ನ ಅಳತೆಗೋಲಿನಲ್ಲಿ ಇದೇ ಸರಣಿಯ ದೊಡ್ಡ ತಿರುವು: ಊರು, ಸಮುದ್ರ, ಗೋಡೆಗಳನ್ನು ಓದಲು ಎರಡನೇ ಆಟ ನಮ್ಮನ್ನು ಹಿಂದೆಂದಿಗಿಂತ ಜಾಸ್ತಿ ನಂಬುತ್ತದೆ, ಮನುಷ್ಯರ ವಿಷಯಕ್ಕೆ ಬಂದಾಗ ಮಾತ್ರ ನಿಲ್ಲಿಸಿ ಹೇಳುತ್ತದೆ.

2006ರ ಜೂನ್‌ನಲ್ಲಿ ಬಂದ ಎಪಿಸೋಡ್ ಒನ್ ಈ ಕೊರತೆಗೆ ಉತ್ತರ ಹುಡುಕಿದ ಆಟ ಅಂತ ನನಗೆ ಈ ಸಲ ಅನ್ನಿಸಿತು. ಚಿಕ್ಕ ಆಟ, ಎರಡು ಸಂಜೆಗೆ ಮುಗಿಯುತ್ತದೆ, ಹೆಚ್ಚುಕಡಿಮೆ ಇಡೀ ಹೊತ್ತು ಅಲಿಕ್ಸ್ ಪಕ್ಕದಲ್ಲೇ ಇರುತ್ತಾಳೆ. ನೆಲದಡಿಯ ಕತ್ತಲೆಯ ಅಧ್ಯಾಯ ಆಡಿ ನೋಡಿ. ಕೈಯಲ್ಲಿ ಗುಂಡು ಕಡಿಮೆ, ನೀವು ಟಾರ್ಚ್ ಹಿಡಿದ ಕಡೆ ಅವಳು ಗುಂಡು ಹೊಡೆಯುತ್ತಾಳೆ. ಅಂದರೆ ನಿಮ್ಮ ನೋಟವೇ ನೀವು ಅವಳಿಗೆ ಹೇಳುವ ಮಾತು. ಬಾಯಿಲ್ಲದ ನಾಯಕನಿಗೆ ಮಾತು ಕೊಡುವ ಇಂಥ ಉಪಾಯ ಯಾರಿಗೆ ಹೊಳೆಯಿತೋ, ಅವರಿಗೆ ಕೈ ಮುಗಿಯಬೇಕು. ಟಾರ್ಚ್‌ನ ಬ್ಯಾಟರಿ ಮತ್ತು ಓಡುವ ಶಕ್ತಿ ಒಂದೇ ಕಡೆಯಿಂದ ಬರುತ್ತದೆ, ಓಡಿದರೆ ಬೆಳಕು ಬೇಗ ಸಾಯುತ್ತದೆ. ಎಪಿಸೋಡ್ ಟೂನಲ್ಲಿ ಇವೆರಡನ್ನೂ ಬೇರೆ ಮಾಡಿದರು. ಆಡಲು ಅದೇ ಹಿತ, ಆದರೆ ಆ ಕತ್ತಲೆಯ ಬಿಗಿ ಈ ಹಂಚಿಕೆಯಿಂದಲೇ ಬಂದಿದ್ದು.

ಎಪಿಸೋಡ್ ಟೂ 2007ರ ಅಕ್ಟೋಬರ್‌ನಲ್ಲಿ ಆರೆಂಜ್ ಬಾಕ್ಸ್‌ನಲ್ಲಿ ಬಂತು, ಪೋರ್ಟಲ್ ಮತ್ತು ಟೀಮ್ ಫೋರ್ಟ್ರೆಸ್ 2 ಜೊತೆಗೆ. ನನಗೆ ಇಡೀ ಸರಣಿಯಲ್ಲಿ ಇದೇ ಮೇಲು. ಊರು ಬಿಟ್ಟು ಕಾಡು, ಬೆಟ್ಟಗಳಿಗೆ ಬರುತ್ತೇವೆ. ಹಂಟರ್ ಅನ್ನುವ ಹೊಸ ಶತ್ರು ಮೊದಲ ಬಾರಿಗೆ ಮೊದಲನೇ ಆಟದ ಸೈನಿಕರ ನೆನಪು ತಂದಿತು. ಗೋಡೆಯ ಹಿಂದೆ ನಿಲ್ಲಲು ಬಿಡುವುದೇ ಇಲ್ಲ, ಮನೆಯೊಳಗೆ ನುಗ್ಗಿ ಓಡಿಸುತ್ತದೆ.

ಕೊನೆಯಲ್ಲಿ ವೈಟ್ ಫಾರೆಸ್ಟ್ ಕಣಿವೆಯ ಯುದ್ಧ. ಮೂರು ಕಾಲಿನ ದೈತ್ಯ ಸ್ಟ್ರೈಡರ್‌ಗಳು ರಾಕೆಟ್ ಕೇಂದ್ರದ ಕಡೆ ನಡೆದು ಬರುತ್ತವೆ. ಮ್ಯಾಗ್ನಸನ್ ಸಾಧನವನ್ನು ಗ್ರಾವಿಟಿ ಗನ್‌ನಿಂದ ಎಸೆದು ಅದರ ಮೈಗೆ ಅಂಟಿಸಬೇಕು, ಆಮೇಲೆ ಗುಂಡು ಹೊಡೆದು ಸಿಡಿಸಬೇಕು. ಜೊತೆಯಲ್ಲಿ ಬರುವ ಹಂಟರ್‌ಗಳು ಸಾಧನವನ್ನು ಗಾಳಿಯಲ್ಲೇ ಒಡೆಯುತ್ತವೆ. ಯಾವ ಕಡೆ ಮೊದಲು ಹೋಗಬೇಕು, ಕಾರನ್ನು ಎಲ್ಲಿ ನಿಲ್ಲಿಸಬೇಕು, ಯಾವ ಮನೆ ಹೋದರೆ ಹೋಗಲಿ, ಎಲ್ಲ ತೀರ್ಮಾನ ನಿಮ್ಮದೇ. ಕಣಿವೆಯನ್ನು ಮೊದಲೇ ಒಂದು ಸುತ್ತು ತೋರಿಸಿರುತ್ತಾರೆ, ಅದನ್ನು ಕಣ್ಣಿಟ್ಟು ನೋಡಿದವನಿಗೆ ಗೆಲ್ಲುವುದು ಸುಲಭ. ತಮ್ಮ ಇದರಲ್ಲಿ ಸೋತು, ಎದ್ದು ಹೋಗಿ, ಊಟ ಮಾಡಿ ಬಂದು ಮತ್ತೆ ಕೂತ. ಗೆದ್ದ. ಇನ್ನೂ ಖುಷಿಯಲ್ಲಿರುವಾಗಲೇ ಕೊನೆಯ ದೃಶ್ಯ ಬಂತು. ನಮ್ಮನ್ನು ಕದಲದಂತೆ ಗೋಡೆಗೆ ಹಿಡಿದಿಟ್ಟು, ಅಲಿಕ್ಸ್‌ಳ ಕಣ್ಣೆದುರೇ ಅವಳ ಅಪ್ಪ ಈಲೈಯನ್ನು ಕೊಲ್ಲುತ್ತಾರೆ. ಕಪ್ಪು ಪರದೆಯ ಮೇಲೆ ಅವಳ ಅಳು. ಆಟ ಮುಗಿಯಿತು. ಮೂರನೇ ಎಪಿಸೋಡ್ ಬರಲೇ ಇಲ್ಲ. 2017ರ ಆಗಸ್ಟ್‌ನಲ್ಲಿ ಸರಣಿಯ ಕಥೆಗಾರ ಮಾರ್ಕ್ ಲೇಡ್‌ಲಾ ಹೆಸರುಗಳನ್ನು ಬದಲಿಸಿ ಒಂದು ಪತ್ರದ ರೂಪದಲ್ಲಿ ಕಥೆಯ ಮುಂದಿನ ಭಾಗವನ್ನು ಹಾಕಿದಾಗ ಎಷ್ಟೋ ಜನರಿಗೆ ಅದೇ ಕೊನೆ ಅನ್ನಿಸಿತ್ತು. ಮುಂದಿನದು ಏನಣ್ಣ ಅಂತ ತಮ್ಮ ಕೇಳಿದಾಗ 13 ವರ್ಷ ಕಾದೆವು ಅಂತ ಹೇಳಿದೆ. ಅವನು ನಂಬಲಿಲ್ಲ.

2020ರ ಮಾರ್ಚ್ 23ಕ್ಕೆ ಬಂದ ಹಾಫ್-ಲೈಫ್: ಅಲಿಕ್ಸ್ ಕಣ್ಣಿಗೆ ಕಟ್ಟಿಕೊಳ್ಳುವ ವಿಆರ್ ಹೆಡ್‌ಸೆಟ್ ಇಲ್ಲದೆ ಆಡಲಾಗದು. ಬಾಗಲಕೋಟೆಯಲ್ಲಿ ನನಗೆ ಅದು ಸಿಗಲಿಲ್ಲ. ಬೆಳಗಾವಿಯ ಟಿಳಕವಾಡಿಯಲ್ಲಿರುವ ಗೆಳೆಯನ ಹತ್ತಿರ ಇತ್ತು. ‘ಬಾರಲೇ ದೋಸ್ತಾ, ಮನಿ ಖಾಲಿ ಐತಿ’ ಅಂದ, ಬಸ್ ಹತ್ತಿದೆವು. ಒಂದು ಕೋಣೆಯ ಕುರ್ಚಿ, ಟೀಪಾಯಿ ಎಲ್ಲ ಸರಿಸಿ ಜಾಗ ಮಾಡಿಕೊಂಡು ಸರದಿಯಲ್ಲಿ ಆಡಿದೆವು. ವಿಆರ್‌ನಲ್ಲಿ ಮೊದಲ ಸಲ ಆಡುವವರಿಗೆ ಒಂದು ಮಾತು: ಅರ್ಧ ಗಂಟೆಗೊಮ್ಮೆ ತೆಗೆದು ನೀರು ಕುಡಿಯಿರಿ, ತಲೆ ಸುತ್ತಿದರೆ ಜಾರಿ ನಡೆಯುವ ಬದಲು ಜಾಗದಿಂದ ಜಾಗಕ್ಕೆ ಜಿಗಿಯುವ ಆಯ್ಕೆ ಹಾಕಿಕೊಳ್ಳಿ.

ಆಯುಧ ಮೂರೇ: ಪಿಸ್ತೂಲು, ಶಾಟ್‌ಗನ್, ಎಸ್‌ಎಂಜಿ ಅನ್ನುವ ಸಣ್ಣ ಮೆಷಿನ್‌ಗನ್. ಕ್ರೋಬಾರ್ ಇಲ್ಲ. ಪಿಸ್ತೂಲಿಗೆ ಗುಂಡು ತುಂಬುವುದೇ ಒಂದು ಕಥೆ. ಖಾಲಿ ಮ್ಯಾಗಜಿನ್ ಕೆಳಗೆ ಬೀಳಿಸಿ, ಭುಜದ ಹಿಂದೆ ಕೈ ಹಾಕಿ ಹೊಸದನ್ನು ತೆಗೆದು, ಒಳಗೆ ತಳ್ಳಿ, ಮೇಲಿನ ಸ್ಲೈಡ್ ಎಳೆಯಬೇಕು. ಎದುರಿಗೆ ಒಂದೇ ಒಂದು ಹೆಡ್‌ಕ್ರ್ಯಾಬ್ ಇದ್ದರೂ ಕೈ ನಡುಗುತ್ತದೆ. ಮೊದಲನೇ ಆಟದಲ್ಲಿ ಮೂರು ಸೈನಿಕರು ಹುಟ್ಟಿಸಿದ ಭಯವನ್ನು ಇಲ್ಲಿ ಒಬ್ಬನೇ ಹುಟ್ಟಿಸುತ್ತಾನೆ. ಶತ್ರುಗಳ ಲೆಕ್ಕ ಹಿಡಿದು ಈ ಎರಡು ಆಟಗಳನ್ನು ಹೋಲಿಸುವುದು ಸರಿಯಲ್ಲ ಅಂತ ಆಗ ತಿಳಿಯಿತು.

ಜೆಫ್ ಇರುವ ಅಧ್ಯಾಯ ಬ್ಲಾಸ್ಟ್ ಪಿಟ್‌ನ ನೇರ ವಾರಸುದಾರ. ಹಳೆಯ ಮದ್ಯದ ಕಾರ್ಖಾನೆ, ಕಣ್ಣಿಲ್ಲದ ಒಂದು ಪ್ರಾಣಿ, ಅದೇ ಜೆಫ್, ಸದ್ದು ಕೇಳಿದರೆ ಬರುತ್ತದೆ. ಸುತ್ತಲೂ ಉಸಿರಿಗೆ ಹೋದರೆ ಕೆಮ್ಮು ಬರಿಸುವ ಬೀಜದ ಧೂಳು. ಬಾಯಿಗೆ ನಮ್ಮ ಕೈಯನ್ನೇ ಅಡ್ಡ ಹಿಡಿಯಬೇಕು. ಒಂದು ಕೈ ಬಾಯಿಗೆ ಹೋದರೆ ಕೆಲಸಕ್ಕೆ ಉಳಿಯುವುದು ಒಂದೇ ಕೈ. ಕಪಾಟಿನ ಬಾಗಿಲು ತೆರೆದರೆ ಬಾಟಲಿ ಉರುಳುತ್ತದೆ, ಅದನ್ನು ನೆಲಕ್ಕೆ ಬೀಳುವ ಮೊದಲು ಹಿಡಿಯಬೇಕು. 22 ವರ್ಷದ ಅಂತರದಲ್ಲಿ ಒಂದೇ ಉಪಾಯವನ್ನು ಎರಡು ಬೇರೆ ದೇಹಗಳಿಗೆ ಹೊಲಿದ ಹಾಗಿದೆ. ಬ್ಲಾಸ್ಟ್ ಪಿಟ್ ಆಡಿ ಅದೇ ವಾರ ಇದನ್ನು ಆಡಿದರೆ ಸರಣಿ ಬೆಳೆದ ದಾರಿ ಪೂರ್ತಿ ಕಾಣುತ್ತದೆ.

ಈ ಆಟದಲ್ಲಿ ನಾವೇ ಅಲಿಕ್ಸ್. ಅವಳು ತಾನೇ ಮಾತಾಡುತ್ತಾಳೆ, ಕಿವಿಯಲ್ಲಿ ರಸೆಲ್ ಅನ್ನುವವನು ಜೊತೆಗಿರುತ್ತಾನೆ. ಎರಡನೇ ಆಟದಲ್ಲಿ ನನಗೆ ಕಂಡ ಆ ಮೌನದ ಬಿರುಕು ಇಲ್ಲಿ ಇಲ್ಲ. ಆದರೆ ದಾರಿಯಲ್ಲಿ ಏನು ಕಂಡರೂ ಇಬ್ಬರಲ್ಲಿ ಒಬ್ಬರು ಅದರ ಬಗ್ಗೆ ಒಂದು ಮಾತು ಆಡುತ್ತಾರೆ, ಹೈವೇ 17ರಲ್ಲಿ ನಮಗೆ ಸಿಕ್ಕ ಆ ಪ್ರಶ್ನೆ ಕೇಳಿಕೊಳ್ಳುವ ಹೊತ್ತು ಇಲ್ಲಿ ಕಡಿಮೆ. ಕೊನೆಯಲ್ಲಿ ಜಿ-ಮ್ಯಾನ್ ಅನ್ನುವ, ಸರಣಿಯುದ್ದಕ್ಕೂ ಆಗಾಗ ಕಾಣುವ ನಿಗೂಢ ಮನುಷ್ಯ ಅವಳಿಗೆ ಅಪ್ಪನ ಸಾವನ್ನು ತೋರಿಸುತ್ತಾನೆ, ಅವಳು ಅದನ್ನು ತಡೆಯುತ್ತಾಳೆ, ಬದಲಿಗೆ ಅವಳನ್ನೇ ಕರೆದೊಯ್ಯುತ್ತಾನೆ. ನಾವು ಮತ್ತೆ ಫ್ರೀಮನ್ ಆಗುತ್ತೇವೆ, ಬದುಕಿ ಉಳಿದ ಈಲೈ ಕೈಗೆ ಕ್ರೋಬಾರ್ ಬರುತ್ತದೆ. ಹೆಡ್‌ಸೆಟ್ ತಮ್ಮನ ತಲೆಯ ಮೇಲಿತ್ತು, ನಾವಿಬ್ಬರೂ ಟಿವಿಯಲ್ಲಿ ನೋಡುತ್ತಿದ್ದೆವು. ಎಪಿಸೋಡ್ ಟೂ ಆಡದವನಿಗೆ ಆ ದೃಶ್ಯ ಏನೂ ಅಲ್ಲ. ಅವನು ಆಡಿದ್ದ. ಬಿಡುಗಡೆಯ ಕ್ರಮದಲ್ಲೇ ಆಡಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಅಭಿಮಾನಿಗಳು ಮೊದಲನೇ ಆಟವನ್ನು ಮತ್ತೆ ಕಟ್ಟಿದ ಬ್ಲ್ಯಾಕ್ ಮೆಸಾ ಬಗ್ಗೆ ಕೇಳುವವರು ಬಹಳ. ಕ್ರೋಬಾರ್ ಕಲೆಕ್ಟಿವ್ ತಂಡ 2012ರಲ್ಲಿ ಮೊದಲ ರೂಪ ಬಿಟ್ಟಿತು, ಪೂರ್ತಿ ಆಟ 2020ರ ಮಾರ್ಚ್‌ನಲ್ಲಿ ಬಂತು. ಹಳೆಯದರಲ್ಲಿ ಸಪ್ಪೆಯಾಗಿದ್ದ ಝೆನ್ ಇಲ್ಲಿ ಹಲವು ಪಟ್ಟು ದೊಡ್ಡದು, ನಿಂತು ನೋಡಬೇಕು ಅನ್ನಿಸುವ ಲೋಕ. ಸೈನಿಕರು ಮಾತ್ರ ಬೇರೆ ಥರ, ದೂರದಿಂದಲೇ ಗುರಿ ಇಟ್ಟು ಹೊಡೆಯುತ್ತಾರೆ, ಹಳೆಯವರ ಹಾಗೆ ಸುತ್ತುವುದು ಕಡಿಮೆ ಅನ್ನಿಸಿತು. ನಾನು ಮಾಡಿದ್ದು ಹೀಗೆ: ಝೆನ್‌ಗೆ ಮುಂಚಿನ ಲ್ಯಾಂಬ್ಡಾ ಕೋರ್ ಅಧ್ಯಾಯದ ತನಕ 1998ರ ಆಟ, ಅಲ್ಲಿಂದ ಮುಂದೆ ಝೆನ್ ಎರಡರಲ್ಲೂ, ಒಂದೊಂದು ಅಧ್ಯಾಯ ಪಕ್ಕಪಕ್ಕ. ಹೊಸಬರು ಮೊದಲು ಹಳೆಯದನ್ನೇ ಆಡಲಿ. ಚಿತ್ರ ಹಳೆಯದು ಅಂತ ಮೊದಲ ಅರ್ಧ ಗಂಟೆ ಬೇಸರ ಆಗಬಹುದು, ಸೈನಿಕರು ಬರುವ ತನಕ ತಾಳಿಕೊಳ್ಳಿ. ತಮ್ಮ ಈಗ ಅಪೋಸಿಂಗ್ ಫೋರ್ಸ್ ಅನ್ನು ಎರಡನೇ ಸಲ ಆಡುತ್ತಿದ್ದಾನೆ, ಈ ಸಲ ನೋಟ್‌ಬುಕ್ ಅವನ ಹತ್ತಿರವೇ ಇದೆ.